ಹಾವು ಕಚ್ಚಿದರೆ ನೆರವಾಗೋಕೆ ಬೀದಿಗೊಂದು ವಾಟ್ಸಾಪ್ ಗ್ರೂಪ್ ಮಾಡ್ತಿದ್ದೀವಿ, ಯಾರ್‍ಯಾರನ್ನ ಸೇರಿಸಬೇಕು?

ಶಿಡ್ಲಘಟ್ಟದ ಕಡೆ ನಮ್ಮೂರಲ್ಲೂ ಇದೇ ಮಾತು ಬಂದಿತ್ತು. ಗ್ರೂಪ್ ಬೇಡ ಅಂತೀನಿ. ರಾತ್ರಿ ತ್ರೀಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕೋಕೆ ಹೋದವರಿಗೆ ಕಚ್ಚಿದರೆ ಆ ಹೊತ್ತಲ್ಲಿ ಮೆಸೇಜ್ ನೋಡೋರು ಯಾರು? ಬೇಕಾಗಿರೋದು ಬೈಕ್ ಇರೋ ಇಬ್ಬರು, ರಾತ್ರಿ ಫೋನ್ ಎತ್ತೋ ಒಬ್ಬರು.

ನಮ್ಮ ಬೀದೀಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯೋವಾಗ ಒಬ್ಬರಿಗೆ ಕೊಳಕುಮಂಡಲ ಕಚ್ತು. ಜನ ಬೇಕಾದಷ್ಟು ಸೇರಿದರು. ಕಾಲು ಕೆಡಿಸಿದ್ದು ಮಂಡಿ ಕೆಳಗೆ ಬಿಗಿದ ಟವೆಲ್. ಎಲ್ಲ ಕಡೆ ಆಗೋ ತಪ್ಪು ಇದೇ, ಅದಕ್ಕೇ ಬಿಡಿಸಿ ಹೇಳ್ತೀನಿ. ಈ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತೆ. ಬಿಗಿದರೆ ಅಲ್ಲೇ ನಿಂತು ಇನ್ನಷ್ಟು ಕೊಳೆಸುತ್ತೆ, ಕಾಲಿಗೆ ರಕ್ತವೂ ಇಳಿಯಲ್ಲ. ಊದಿದಷ್ಟೂ ಕಟ್ಟು ಇನ್ನೂ ಬಿಗಿಯಾಗುತ್ತೆ. ದಾರೀಲಿ ಯಾರೋ ಗಾಬರಿಯಾಗಿ ಬಿಚ್ಚಿಬಿಟ್ಟರೆ ತಡೆದಿದ್ದ ವಿಷ ಒಮ್ಮೆಗೇ ಮೈಗೆ ನುಗ್ಗುತ್ತೆ. ಆಗಲೇ ಕಟ್ಟಿಬಿಟ್ಟಿದ್ದರೆ ಡಾಕ್ಟರ್ ಎದುರಿಗೇ ಬಿಚ್ಚಿಸಿ.

ಕಾಲುಂಗುರ, ಗೆಜ್ಜೆ ತೆಗೀರಿ. ಕಾಲಿಗೆ ರೀಪರ್ ಮರದ ಪಟ್ಟಿ ಇಟ್ಟು, ಒಂದು ಬೆರಳು ತೂರೋ ಹಾಗೆ ಪಂಚೆ ಸುತ್ತಿ. ಕಾಲು ಅಲ್ಲಾಡಬಾರದು, ನಡೆಸಲೂಬಾರದು. ಕುಯ್ಯೋದು, ಚೀಪೋದು, ನಾಟಿ ಔಷಧಿ ಯಾವುದೂ ಬೇಡ. ಹಾವನ್ನ ಹೊಡೆದು ತರಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಇಂಜೆಕ್ಷನ್ ಒಂದೇ.

108ಕ್ಕೆ ಫೋನ್ ಮಾಡಿ. ಗಾಡಿ ತಡ ಅಂದರೆ ಬೈಕಲ್ಲೇ ಹೊರಡಿ: ಮುಂದೆ ಓಡಿಸೋರು, ನಡುವೆ ಕಚ್ಚಿಸಿಕೊಂಡವರು, ಹಿಂದೆ ಅವರನ್ನ ತಬ್ಬಿ ಹಿಡಿಯೋರು. ಫೋನ್ ಎತ್ತೋರು ತಾಲ್ಲೂಕು ಆಸ್ಪತ್ರೆಗೆ ಎರಡೇ ಕೇಳಲಿ: ಡ್ಯೂಟಿ ಡಾಕ್ಟರ್ ಇದ್ದಾರಾ, ಎಎಸ್‌ವಿ (ವಿಷ ಇಳಿಸೋ ಆ ಇಂಜೆಕ್ಷನ್) ಎಷ್ಟಿದೆ? ಶುರುವಿಗೇ ಸಾಮಾನ್ಯವಾಗಿ 10 ವೈಲ್ (ಔಷಧಿಯ ಸಣ್ಣ ಬಾಟಲಿ) ಬೇಕು, ಮಕ್ಕಳಿಗೂ ಅಷ್ಟೇ. ಅಲ್ಲಿ ರಕ್ತವನ್ನ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ವಾಲಿಸಿ ನೋಡ್ತಾರೆ. ಹೆಪ್ಪುಗಟ್ಟದೆ ಹರಿದರೆ ರಕ್ತಕ್ಕೆ ವಿಷ ಏರಿದೆ ಅಂತ ಲೆಕ್ಕ. ಸುಮ್ಮನೆ ಕೂರಿಸಿದ್ದಾರೆ ಅಂತ ದಯವಿಟ್ಟು ಜಗಳಕ್ಕೆ ಹೋಗಬೇಡಿ.

ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣಿನ ರೆಪ್ಪೆ ಜೋತುಬೀಳ್ತಿದ್ದರೆ, ಗಾಯ ಕಾಣದಿದ್ದರೂ ಕಟ್ಟುಹಾವು ಅಂದುಕೊಂಡೇ ಓಡಿ. ಅದು ಉಸಿರಾಟ ನಿಲ್ಲಿಸುತ್ತೆ, ವೆಂಟಿಲೇಟರ್ ಬೇಕಾಗಬಹುದು.

ಬೀದಿಯವರೆಲ್ಲ ಸೇರಲೇಬೇಕಾದ್ದು ಆಮೇಲೆ. ಸೀಮೆಹಸು ಕಟ್ಟಿದ್ದೀನಿ ಅಂತ ಸುಮಾರು ಜನ ಆಸ್ಪತ್ರೆಯಿಂದ ಬೇಗ ಎದ್ದುಬರ್ತಾರೆ. ಕೊಳಕುಮಂಡಲದ ವಿಷಕ್ಕೆ ಕಿಡ್ನಿ ಕೆಡಬಹುದು, ಮೂತ್ರ ಕಡಿಮೆಯಾಗ್ತಿದೆಯಾ ಅಂತ ಅಲ್ಲೇ ಇದ್ದು ನೋಡಿಸಿಕೊಳ್ಳಬೇಕು. ಡಾಕ್ಟರ್ ಬಿಡೋ ತನಕ ಹಾಲು ಕರೆದು ಡೇರಿಗೆ ಹಾಕೋದು ಯಾವ ಮನೆಯವರು ಅಂತ ಈಗಲೇ ಮಾತಾಡಿಕೊಳ್ಳಿ.