ಪ್ರತಿಕ್ರಿಯೆ: ಕಲಿಸುವ ವರ ಇರುವ ಅಕ್ಕನಿಗೆ ಅವಕಾಶ ಸಿಗದಿದ್ದರೆ

ನಿಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಚೆನ್ನಾಗಿ ಕಲಿಸಬಲ್ಲ ಅಕ್ಕ ಒಬ್ಬರಿದ್ದಾರೆ, ಆದರೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಲು ಹೆಂಗಸರು ಬೇಕು, ದೊಡ್ಡವರ ಬೈಬಲ್ ಅಧ್ಯಯನ ನಡೆಸಲು ಬೇಡ ಅಂತ ಕಮಿಟಿ ಹೇಳಿದೆ ಎಂದು ಬರೆದಿದ್ದೀರಿ. ಇದಕ್ಕೆ ಕಾರಣ ಸಿದ್ಧಾಂತಕ್ಕಿಂತ ಜಾಸ್ತಿ ರೂಢಿ ಇರಬೇಕು. "ಮೊದಲಿಂದಲೂ ಹೀಗೇ" ಅಂದರೇ ಹೊರತು ವಚನ ತೋರಿಸಿಲ್ಲ ಅಲ್ವಾ?

ಮೊದಲು ಸಭೆಯ ಲಿಖಿತ ನಿಯಮಾವಳಿ ಕೇಳಿ ಓದಿ. ಎಷ್ಟೋ ಕಡೆ ನಿಷೇಧ ಬಾಯಿಮಾತಿನಲ್ಲಿ ಮಾತ್ರ ಇರುತ್ತದೆ. ಬರವಣಿಗೆಯಲ್ಲೇ ಇದ್ದರೆ ಮೇಲಿನ ಆಡಳಿತಕ್ಕೆ ಪತ್ರ ಬರೆಯಬೇಕಾದೀತು. ಅದು ಎಷ್ಟು ಫಲಿಸುತ್ತದೋ ಹೇಳಲಾರೆ.

ಆಮೇಲೆ ಪಾಸ್ಟರ್ ಜೊತೆ ಕೂತು ಮಾತಾಡಿ, ಎಲ್ಲರೆದುರು ಬೇಡ. ಉಪದೇಶ ಮಾಡಲು ಹೆಂಗಸಿಗೆ ಅಪ್ಪಣೆ ಕೊಡುವುದಿಲ್ಲ ಅನ್ನುವ 1 ತಿಮೊಥೆಯ 2:12ನ್ನು ಅವರು ತೆಗೆಯಬಹುದು. ಅದನ್ನು ತಳ್ಳಿಹಾಕದೆ ಜೊತೆಗೇ ಓದಿ. ನಂತರ ಅಪೊಸ್ತಲರ ಕೃತ್ಯಗಳು 18:26 ತೆರೆಯಿರಿ. ಅಪೊಲ್ಲೋಸ ಒಳ್ಳೆಯ ಮಾತುಗಾರ, ಶಾಸ್ತ್ರ ಬಲ್ಲವನು. ಅಂಥವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದವರು ಪ್ರಿಸ್ಕಿಲ್ಲ, ಅಕ್ವಿಲ ದಂಪತಿ. ಅಲ್ಲಿ ಪ್ರಿಸ್ಕಿಲ್ಲ ಸುಮ್ನೆ ಕೂತಿರಲಿಲ್ಲ! 1 ಕೊರಿಂಥ 11:5ರಲ್ಲೂ ಹೆಂಗಸರು ಪ್ರಾರ್ಥಿಸುವುದು, ಪ್ರವಾದಿಸುವುದು (ದೇವರ ಮಾತು ಹೇಳುವುದು) ನಡೆದೇ ಇದೆ. ಅಲ್ಲಿ ಪತ್ರ ಬರೆದ ಪೌಲನ ತಕರಾರು ತಲೆಯ ಮುಸುಕಿನದು ಮಾತ್ರ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಸಭೆಯ ಸೇವಕಿ ಫೊಯಿಬೆಯ ಹೆಸರೂ ಇದೆ.

ವಾದ ಗೆದ್ದರೆ ಸಾಲದು, ಕಮಿಟಿಗೆ ಒಪ್ಪಲು ಸುಲಭವಾದದ್ದನ್ನು ಕೇಳಿ. ಯಾಕೋಬನ ಪತ್ರಿಕೆ, ಐದು ಅಧ್ಯಾಯ, ಐದು ವಾರ, ಆ ಅಕ್ಕ ನಡೆಸುತ್ತಾರೆ, ಹಿರಿಯರೊಬ್ಬರು ಬಂದು ಕೂರಲಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ.

ಅಂದಹಾಗೆ, ಇದೆಲ್ಲಕ್ಕೂ ಮುಂಚೆ ಆ ಅಕ್ಕನ ಒಪ್ಪಿಗೆ ಕೇಳಿಬಿಡಿ.