ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆಗಾಲದ ಶಾಲೆಯ ದಾರಿ

ಬಾಲ್ಯದ ಮಳೆಗಾಲದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಶ್ನೆಗಳೇ ಅಲ್ಲ. ಎರಡು ಪುಟ ನೆನಪು ಬರೆದು, ಕೊನೆಗೆ ಮರೆತದ್ದು ನೆನಪಾದಂತೆ ಒಂದು ಪ್ರಶ್ನೆಯನ್ನು ಸೇರಿಸಿದವುಗಳು. ಅಂತಹ ಪತ್ರಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಈಗ ರಾತ್ರಿ ಜೋರಾಗಿ ಮಳೆ ಬಂದರೆ ಬೆಳಗಾಗುವುದರೊಳಗೆ ಜಿಲ್ಲಾಧಿಕಾರಿಗಳ ರಜೆಯ ಆದೇಶ ಮೊಬೈಲಿಗೆ ಬಂದಿರುತ್ತದೆ. ನಮ್ಮ ಕಾಲದಲ್ಲಿ ಅಂತಹ ರಜೆ ಇರಲಿಲ್ಲ, ಮಳೆಯೂ ಇದಕ್ಕಿಂತ ಹೆಚ್ಚಿತ್ತು ಎಂದರೆ ಮೊಮ್ಮಕ್ಕಳು ನಗುತ್ತಾರೆ. ಮಳೆ ನಿಜವಾಗಿ ಹೆಚ್ಚಿತ್ತೇ, ಅಥವಾ ನನ್ನ ನೆನಪೇ ಅದನ್ನು ಹಿಗ್ಗಿಸಿದೆಯೇ?
— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಅಕ್ಕೋರೇ, ಎಷ್ಟು ಮಳೆ ಬಿತ್ತು ಎಂಬುದನ್ನು ಮಳೆಮಾಪಕ ಹೇಳಬೇಕೇ ಹೊರತು ನೆನಪು ಹೇಳಲಾರದು. ಮಾಪಕದ ಲೆಕ್ಕದಲ್ಲಿ ದಿನವೆಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನದ ಎಂಟೂವರೆಯವರೆಗೆ. ಶಾಲೆಗೆ ನಡೆದು ಹೋಗುವ ಮಗುವಿನ ಲೆಕ್ಕ ಬೇರೆ. ಮನೆಯ ಅಂಗಳದಿಂದ ಶಾಲೆಯ ಜಗಲಿಯವರೆಗೆ, ಸಂಜೆ ಅಲ್ಲಿಂದ ಹಿಂದಕ್ಕೆ, ಆ ಎರಡು ಗಂಟೆಗಳಲ್ಲಿ ಬಿದ್ದದ್ದಷ್ಟೇ ಅದಕ್ಕೆ ಮಳೆ. ರಾತ್ರಿಯಿಡೀ ಸುರಿದು ಬೆಳಿಗ್ಗೆ ಹೊಳವಾಗಿದ್ದರೆ ಆ ದಿನ ನಮಗೆ ಮಳೆಯೇ ಬಂದಿಲ್ಲ. ಹಗಲೆಲ್ಲ ಸುಮ್ಮನಿದ್ದು ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಹಿಡಿದುಕೊಂಡರೆ ಅಂತಹ ಮಳೆಯನ್ನು ಹುಟ್ಟಿದಂದಿನಿಂದ ಕಂಡಿಲ್ಲ. ನಿಮ್ಮ ಮೊಮ್ಮಕ್ಕಳು ಶಾಲೆಯ ವ್ಯಾನಿನ ಗಾಜಿನ ಹಿಂದೆ ಕುಳಿತು ನೋಡುವ ಮಳೆ ನಿಮ್ಮ ಮೈಮೇಲೆ ಬಿದ್ದಷ್ಟೇ ಇದ್ದರೂ ಅವರಿಗೆ ಕಡಿಮೆಯಾಗಿಯೇ ಕಾಣುತ್ತದೆ.

ಆದರೂ ನಮ್ಮ ಕಡೆಯ ಮಳೆಯ ಗಾತ್ರ ಕಲ್ಪನೆಯದ್ದಲ್ಲ. ನಿಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ಸರಾಸರಿ ವರ್ಷದ ಮಳೆ 7,000 ಮಿಲಿಮೀಟರಿಗಿಂತ ಹೆಚ್ಚು. ಬೆಂಗಳೂರಿನಲ್ಲಿ ಅದು 1,000 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ತರಗತಿಯ ಮಾಡಿನ ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಮೊಮ್ಮಕ್ಕಳ ಮುಂದೆ ಈ ಲೆಕ್ಕವನ್ನು ಬಿಡಿಸಿ, ನಗು ನಿಲ್ಲಬಹುದು.

ಆ ನೀರೆಲ್ಲ ಮಂಗಳೂರು ಹಂಚಿನ ಮೇಲೆ ಬೀಳುವ ಸದ್ದನ್ನು ನೀವು ಮೇಜಿನ ಆ ಬದಿಯಿಂದ ಕೇಳಿದ್ದೀರಿ, ನಾನು ಬೆಂಚಿನ ಈ ಬದಿಯಿಂದ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಾಗ, ಮುಂದೊಂದು ದಿನ ಕೊಪ್ಪದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ತಮ್ಮ ಹಂಚು ಹದಿನೇಳರ ಮಗ್ಗಿಯನ್ನು ನುಂಗಿಹಾಕುತ್ತದೆಂದು ಅವರು ಎಣಿಸಿರಲಿಕ್ಕಿಲ್ಲ. ಆರಿದ್ರಾ ಮಳೆ ಬಿರುಸಾಗಿ ಹಿಡಿದರೆ ನಮ್ಮ ಮೇಷ್ಟರು ಮೊದಲು ಧ್ವನಿ ಏರಿಸುತ್ತಿದ್ದರು, ಆಮೇಲೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು, ಕೊನೆಗೆ ಸೀಮೆಸುಣ್ಣವನ್ನು ಕೆಳಗಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಒಂದು ಹಂಚು ಜರುಗಿ ನೀರು ತೊಟ್ಟಿಕ್ಕತೊಡಗಿದರೆ ಬೆಂಚು ಸರಿಸುವ ಸಂಭ್ರಮ. ಮೂರನೆಯ ತರಗತಿಯನ್ನು ನಾಲ್ಕನೆಯದರೊಳಗೆ ತುಂಬುತ್ತಿದ್ದರು, ಅಂದಿನ ಪಾಠ ಅಲ್ಲಿಗೆ ಮುಗಿಯುತ್ತಿತ್ತು.

ರಜೆ ಇರಲಿಲ್ಲವೆಂಬ ನಿಮ್ಮ ಮಾತಿಗೆ ಮಾತ್ರ ನನ್ನ ಸಣ್ಣ ತಕರಾರಿದೆ. ಆದೇಶ ಇರಲಿಲ್ಲ, ಆದರೆ ಹಳ್ಳ ಇತ್ತು. ಎರಡು ಮರದ ದಿಮ್ಮಿಗಳನ್ನು ಜೋಡಿಸಿ, ಕೈಗೆ ಆಧಾರವಾಗಿ ಒಂದು ಬಿದಿರು ಕಟ್ಟಿದ ಸಂಕವನ್ನು ದಾಟಿ ಬರುವ ಮಕ್ಕಳು ನಮ್ಮ ಶಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ನೀರಿನ ಬಣ್ಣ ಕೆಂಪಾದದ್ದನ್ನು ಕಂಡು ಮುಖ್ಯೋಪಾಧ್ಯಾಯರು ಅವರನ್ನು ಮಧ್ಯಾಹ್ನವೇ ಬಿಟ್ಟುಬಿಡುತ್ತಿದ್ದರು. ಈಚೆ ದಡದವರಾದ ನಾವು, ಹಳ್ಳದ ಆಚೆ ಹುಟ್ಟದೆ ಹೋದೆವಲ್ಲ ಎಂದು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆವು. ಆ ಸಂಕದ ಮೇಲೆ ಕಾಲಿಡುವ ಮಗುವಿನ ತಾಯಿಗೆ ಇಡೀ ಹಗಲು ಹೇಗೆ ಕಳೆಯುತ್ತಿತ್ತು ಎಂಬುದು ನನಗೆ ಹೊಳೆದದ್ದು ನಾನೇ ತಂದೆಯಾದ ಮೇಲೆ. ಹಾಗಾಗಿ ಈಗಿನ ರಜೆಯ ಆದೇಶವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಕಾಗದದ ದೋಣಿ ಬೇಗ ಮುಳುಗದಂತೆ ಮಾಡಲು ಉಪಾಯವಿದೆಯೇ? ಮಗನ ಮುಂದೆ ನನ್ನ ಮರ್ಯಾದೆಯ ಪ್ರಶ್ನೆ.
— ಓದುಗರು, ಹಾಸನ

ಉತ್ತರ: ಮಡಿಸುವ ಮೊದಲು ಕಾಗದದ ಹೊರಮೈಗೆ ಮೇಣದಬತ್ತಿಯನ್ನು ಚೆನ್ನಾಗಿ ತಿಕ್ಕಿ. ಮೇಣ ನೀರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ದೋಣಿ ಚರಂಡಿಯ ಮೊದಲ ತಿರುವನ್ನಾದರೂ ದಾಟುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಪಾದರಸದಂತೆ ಉರುಳುವುದರಲ್ಲಿಯೂ ಅದರ ಮೈಯ ಮೇಣಕ್ಕೆ ಪಾಲಿದೆ. ಮೇಣ ಲೇಪಿಸಿದ ಅತಿ ಸೂಕ್ಷ್ಮ ಉಬ್ಬುಗಳ ನಡುವೆ ಗಾಳಿ ನಿಂತು ಹನಿಯನ್ನು ಎಲೆಗೆ ತಾಗಗೊಡುವುದಿಲ್ಲ. ನಮ್ಮ ದೋಣಿಗಳಿಗೆ ಮೇಣದ ಭಾಗ್ಯವಿರಲಿಲ್ಲ. ಕಡಿಮೆ ಅಂಕ ಬಂದ ಉತ್ತರಪತ್ರಿಕೆಗಳನ್ನು ಮನೆಯವರ ಕಣ್ಣಿಗೆ ಬೀಳದಂತೆ ಸಾಗಹಾಕಲು ಅವು ಒದಗುತ್ತಿದ್ದುದರಿಂದ ಬೇಗ ಮುಳುಗಿದಷ್ಟೂ ಒಳ್ಳೆಯದಿತ್ತು.

ಪ್ರಶ್ನೆ: ಮೊದಲ ಮಳೆಯ ಮಣ್ಣಿನ ವಾಸನೆ ಬಂದ ಕೂಡಲೇ ನನಗೆ ಹೊಸ ಪುಸ್ತಕ, ಹೊಸ ಚೀಲ, ಒಂದನೆಯ ತರಗತಿಯ ಬಾಗಿಲು ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಆ ವಾಸನೆ ಎಲ್ಲಿಂದ ಬರುತ್ತದೆ ಎಂದು ಮಗಳು ಕೇಳಿದರೆ ಉತ್ತರ ಗೊತ್ತಿಲ್ಲ.
— ಓದುಗರು, ಬೆಂಗಳೂರು

ಉತ್ತರ: ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳಿವೆ. ಅವು ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಬೀಟ್‌ರೂಟಿನ ಮಣ್ಣು ವಾಸನೆಗೂ ಅದೇ ಕಾರಣ. ಬೇಸಿಗೆಯಲ್ಲಿ ಗಿಡಗಳಿಂದ ಹೊರಬಂದ ಕೆಲವು ಎಣ್ಣೆಗಳೂ ಒಣ ಮಣ್ಣು ಮತ್ತು ಕಲ್ಲಿನಲ್ಲಿ ಸೇರಿಕೊಂಡಿರುತ್ತವೆ. ಮಳೆಹನಿ ಒಣ ನೆಲಕ್ಕೆ ಅಪ್ಪಳಿಸಿದಾಗ ಅದರಡಿಯಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿ, ಮೇಲೆದ್ದು ಒಡೆದು, ಈ ವಾಸನೆಯನ್ನು ಸಣ್ಣ ತುಂತುರಾಗಿ ಗಾಳಿಗೆ ಚಿಮ್ಮಿಸುತ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅವರು ಹೆಸರಿಡುವುದಕ್ಕೆ ಬಹಳ ಮೊದಲೇ ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಕರು ಸುಟ್ಟ ಮಣ್ಣಿನ ವಾಸನೆಯನ್ನು ಭಟ್ಟಿ ಇಳಿಸಿ ಗಂಧದೆಣ್ಣೆಯಲ್ಲಿ ಹಿಡಿದಿಟ್ಟು ಮಾರುತ್ತಿದ್ದರು. ಇನ್ನು, ಮಳೆಗೂ ಹೊಸ ಚೀಲಕ್ಕೂ ನಿಮ್ಮೊಳಗೆ ನಂಟು ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ: ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1, ನಮ್ಮ ಶಾಲೆಗಳ ಬಾಗಿಲು ತೆರೆಯುವುದೂ ಅದೇ ಹೊತ್ತಿಗೆ.

ಪ್ರಶ್ನೆ: ಮಳೆಯ ನೆನಪು ಎಂದ ಕೂಡಲೇ ಎಲ್ಲರೂ ಮಲೆನಾಡು, ಕರಾವಳಿ ಎನ್ನುತ್ತಾರೆ. ನಮ್ಮಂತಹ ಬಯಲುಸೀಮೆಯವರಿಗೆ ಮಳೆಯ ಬಾಲ್ಯ ಇರಲೇ ಇಲ್ಲವೇ?
— ಓದುಗರು, ವಿಜಯಪುರ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಮೇಲಿನ ನನ್ನ ಉತ್ತರವೇ ಸಾಕ್ಷಿ. ನಮಗೆ ಮಳೆ ಕೇಳದೆ ಬರುತ್ತಿತ್ತು. ನೀವು ಕೇಳಿ ತರಿಸಿಕೊಂಡವರು. ಮಳೆ ಹಿಂಜರಿದ ವರ್ಷ, ಮಳೆ ಬೇಡಲು ಮಾಡುವ ಗುರ್ಜಿ ಎಂಬ ಮೂರ್ತಿಯನ್ನು ತಲೆಯ ಮೇಲೆ ಹೊತ್ತ ಹುಡುಗನ ಹಿಂದೆ ಹಾಡುತ್ತ ಮನೆ ಮನೆಗೆ ತಿರುಗುವುದು, ಪ್ರತಿ ಬಾಗಿಲಿನಲ್ಲಿ ಅವನ ತಲೆಯ ಮೇಲೆ ಕೊಡ ನೀರು ಸುರಿಸಿಕೊಳ್ಳುವುದು, ಸಿಕ್ಕ ಜೋಳ, ಹಿಟ್ಟು, ಬೆಲ್ಲವನ್ನು ಕೂಡಿಸಿ ಅಡುಗೆ ಮಾಡಿ ಎಲ್ಲರೂ ಉಣ್ಣುವುದು, ಇವು ಮಲೆನಾಡಿನ ಮಕ್ಕಳಿಗೆ ದಕ್ಕದ ಸುಖ. ಇಡೀ ಊರಿನ ಮಳೆಯ ಹೊಣೆಯನ್ನು ಮಕ್ಕಳ ತಲೆಯ ಮೇಲೆ ಇಡುವ ಆಟ ನನಗೆ ತಿಳಿದಂತೆ ನಮ್ಮಲ್ಲಿ ಇರಲಿಲ್ಲ.

ನಿಮ್ಮ ಪತ್ರದಲ್ಲಿ ಮಿರಗದ ಹುಳವನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಶಾಲೆಗೆ ಹೋದದ್ದನ್ನು ಬರೆದಿದ್ದೀರಿ. ಕೆಂಪು ಮಖಮಲ್ಲಿನ ತುಣುಕಿನಂತೆ ಕಾಣುವ, ಮುಟ್ಟಿದರೆ ಕಾಲು ಮುದುಡಿಕೊಳ್ಳುವ ಆ ಜೀವಿಗೆ ಎಂಟು ಕಾಲುಗಳಿವೆ. ಅದು ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಕಳೆದು, ಮೊದಲ ಹದಮಳೆಗೆ ಆಹಾರಕ್ಕಾಗಿ ಮತ್ತು ಕೂಡುವುದಕ್ಕಾಗಿ ಮೇಲೆ ಬರುತ್ತದೆ. ಮಿರಗ ಎಂದರೆ ಮೃಗಶಿರ. ಜೂನ್ 8ರ ಸುಮಾರಿಗೆ ಸೂರ್ಯ ಆ ನಕ್ಷತ್ರಕ್ಕೆ ಬರುತ್ತಾನೆ. ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟಬೇಕಾದ್ದರಿಂದ ಒಂದೊಂದರಲ್ಲಿಯೂ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ನಮ್ಮ ಹಿರಿಯರ ಒಂದೊಂದು ಮಳೆಯ ಅವಧಿಯೂ ಅಷ್ಟೇ. ಮಲೆನಾಡಿನಲ್ಲಿ ಆ ಹೆಸರುಗಳನ್ನು ನಾವು ಬರೀ ಕೇಳಿ ಬಿಡುತ್ತಿದ್ದೆವು, ಯಾವ ಮಳೆಯೂ ತಪ್ಪುವಂತಿರಲಿಲ್ಲ. ಆರಿದ್ರಾ ಮಳೆಗೆ ಎಷ್ಟು ದಿನ ಉಳಿಯಿತು ಎಂದು ಮನೆಯ ಹಿರಿಯರು ಬೆರಳು ಮಡಿಸಿ ಎಣಿಸುವುದನ್ನು ನೋಡುತ್ತ ಬೆಳೆದವರು ನೀವು.

ಪ್ರಶ್ನೆ: ಮಸ್ಕತ್ತಿನಲ್ಲಿ ಕೆಲಸ ಮಾಡುವ ನಾನು ಉಡುಪಿ ಕಡೆಯವನು. ಕಳೆದ ಜುಲೈಯಲ್ಲಿ ಸಲಾಲಾಕ್ಕೆ ಹೋದಾಗ ಹಸಿರು ಗುಡ್ಡ, ಮಂಜು, ಜಿನುಗುವ ಮಳೆ ಕಂಡು ಶಾಲೆಯ ದಿನಗಳು ನೆನಪಾಗಿ ಕಣ್ಣು ತುಂಬಿತು. ಮರುಭೂಮಿಯ ದೇಶದಲ್ಲಿ ಇದು ಹೇಗೆ?
— ಓದುಗರು, ಒಮಾನ್

ಉತ್ತರ: ನೀವು ಅತ್ತದ್ದು ಸರಿಯಾದ ಮಳೆಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಲಾಲಾದ ಗುಡ್ಡಗಳನ್ನು ಹಸಿರಾಗಿಸುವ, ಅಲ್ಲಿನವರು ಖರೀಫ್ ಎನ್ನುವ ಕಾಲ, ನಿಮ್ಮ ಉಡುಪಿಗೆ ಮಳೆ ತರುವ ನೈಋತ್ಯ ಮುಂಗಾರಿನದೇ ಒಂದು ಅಂಚು. ಆ ಗಾಳಿ ಒಮಾನಿನ ಕರಾವಳಿಯುದ್ದಕ್ಕೂ ಬೀಸುವಾಗ ಮೇಲಿನ ಬೆಚ್ಚನೆಯ ನೀರು ಆಚೆ ಸರಿದು, ಕಡಲಿನ ಆಳದ ತಣ್ಣೀರು ಮೇಲೆ ಬರುತ್ತದೆ. ತೇವದ ಗಾಳಿ ಅದರ ಮೇಲೆ ಹಾಯುವಾಗ ತಣಿದು ಮಂಜಾಗುತ್ತದೆ, ಗುಡ್ಡಗಳು ಅದನ್ನು ತಡೆದು ಹನಿಸುತ್ತವೆ. ಅರಬ್ಬೀ ಸಮುದ್ರದ ಒಂದು ದಡದಲ್ಲಿ ಜಿನುಗು, ಇನ್ನೊಂದು ದಡದಲ್ಲಿ ಧೋ ಎಂದು ಸುರಿತ. ಅಲ್ಲಿ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಸುಡಲು ಜಾಗ ಸಿಕ್ಕಿತೇ ಎಂದು ನೀವು ಬರೆದಿಲ್ಲ.

ಪ್ರಶ್ನೆ: ಮಳೆಗಾಲದ ಬಗ್ಗೆ ಎಲ್ಲರೂ ಅಕ್ಕರೆಯಿಂದ ಮಾತನಾಡುವಾಗ ನಮ್ಮ ಅಜ್ಜಿ ಸುಮ್ಮನೆ ಎದ್ದು ಹೋಗುತ್ತಾರೆ. ಅವರಿಗೆ ಮಳೆ ಇಷ್ಟವಿಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು. ನಮ್ಮ ನೆನಪಿನಲ್ಲಿ ಬಿಸಿ ಬಿಸಿ ಹಪ್ಪಳವಿದೆ, ಪತ್ರೊಡೆಯಿದೆ, ಒಲೆಯ ಬೂದಿಯಲ್ಲಿ ಸುಟ್ಟ ಹಲಸಿನ ಬೀಜವಿದೆ. ಬೇಸಿಗೆಯ ಬಿಸಿಲಿನಲ್ಲಿ ಹಪ್ಪಳ ಲಟ್ಟಿಸಿ ಒಣಗಿಸಿದವರಾಗಲಿ, ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾದವರಾಗಲಿ ಆ ಚಿತ್ರದೊಳಗೆ ಇಲ್ಲ. ನಾವು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯ ಅಂಚಿನಲ್ಲಿ ಏಡಿಯ ಬಿಲ ಹುಡುಕುತ್ತ ಶಾಲೆಗೆ ತಡವಾಗಿ ಹೋಗುವಾಗ, ಅದೇ ಗದ್ದೆಯಲ್ಲಿ ಬೆನ್ನ ಮೇಲೆ ಮಳೆ ತಡೆಯುವ ಗೊರಬು ಹೊತ್ತು, ಬಗ್ಗಿದವರು ಬಗ್ಗಿದಂತೆಯೇ ಸಸಿ ನೆಡುತ್ತಿದ್ದವರು ನಿಮ್ಮ ಅಜ್ಜಿಯ ವಯಸ್ಸಿನ ಹೆಂಗಸರು. ಉಂಬಳ ಕಚ್ಚಿದರೆ ನಾವು ಊರೆಲ್ಲ ಕೇಳುವಂತೆ ಕಿರುಚಿ ಉಪ್ಪು ಹಾಕಿಸಿಕೊಳ್ಳುತ್ತಿದ್ದೆವು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುವುದರಿಂದ ಅದು ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ನೆಟ್ಟಿ ಮುಗಿಸಿ ಬಂದವರು ಅದನ್ನು ಒರೆಸಿಕೊಂಡು ಅಡುಗೆಗೆ ಕೂರುತ್ತಿದ್ದರು.

1970ರ ದಶಕದಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಇದ್ದದ್ದು ಒಂದೊಂದೇ ಜೊತೆ ಸಮವಸ್ತ್ರ. ಸಂಜೆ ತೊಪ್ಪೆಯಾಗಿ ಬಂದದ್ದು ಬೆಳಿಗ್ಗೆ ಒಣಗಿರುತ್ತಿತ್ತು. ತರಗತಿಯಲ್ಲಿ ಎಲ್ಲರ ಅಂಗಿಯೂ ಹೊಗೆಯ ವಾಸನೆ ಹೊಡೆಯುತ್ತಿದ್ದುದರಿಂದ ಅದು ಬಟ್ಟೆಯದೇ ವಾಸನೆ ಎಂದು ಬಹಳ ಕಾಲ ನಂಬಿದ್ದೆ. ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಹರವಿ, ನಡುರಾತ್ರಿ ಎದ್ದು ಒಂದು ಸಲ, ಬೆಳಗಿನ ಜಾವ ಎದ್ದು ಇನ್ನೊಂದು ಸಲ ಅಮ್ಮ ಮಗುಚಿ ಹಾಕುತ್ತಿದ್ದರು ಎಂಬುದು ನನಗೆ ತಿಳಿದದ್ದು ಅವರಿಗೆ ಎಪ್ಪತ್ತು ದಾಟಿದ ಮೇಲೆ, ಅದೂ ಬೇರಾವುದೋ ಮಾತಿನ ನಡುವೆ.

ಅಜ್ಜಿಯ ಬಳಿ ಮಳೆ ಇಷ್ಟವೇ ಎಂದು ಕೇಳಬೇಡಿ. ಮಳೆಗಾಲದಲ್ಲಿ ಮನೆಮಂದಿಯ ಬಟ್ಟೆಗಳನ್ನು ಹೇಗೆ ಒಣಗಿಸುತ್ತಿದ್ದಿರಿ ಎಂದು ಕೇಳಿ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ; ಉತ್ತರ ಉದ್ದವಾಗಿರುತ್ತದೆ.