ಮಂಗಳೂರಿನಲ್ಲಿ ಕೂತು ಮನೆಯ ಕಂಪ್ಯೂಟರ್ ತೆರೆಯಬಹುದೇ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದಲ್ಲಿ. ಕೆಲಸಕ್ಕೆಂದು ನಾನು ಮಂಗಳೂರಿನಲ್ಲಿ ರೂಮ್ ಮಾಡಿದ್ದೇನೆ, ಊರಿಗೆ ಹೋಗುವುದು ವಾರಕ್ಕೊಮ್ಮೆ. ಅಪ್ಪನ ಅಂಗಡಿಯ ಲೆಕ್ಕವೆಲ್ಲ ಮನೆಯ ಕಂಪ್ಯೂಟರಿನ ಟ್ಯಾಲಿಯಲ್ಲಿದೆ (ವಿಂಡೋಸ್ 11 ಹೋಮ್, ಫೈಬರ್ ಇಂಟರ್ನೆಟ್). ಇಲ್ಲಿಂದಲೇ ತೆರೆಯೋಣವೆಂದು ಗೆಳೆಯನ ಮಾತು ಕೇಳಿ, ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ರೂಟರಿನಲ್ಲಿ ಫಾರ್ವರ್ಡ್ ಮಾಡಿದೆ (ಹೊರಗಿನಿಂದ ಬರುವ ಸಂಪರ್ಕ ಮನೆಯ ಕಂಪ್ಯೂಟರಿಗೆ ದಾಟಲೆಂದು). ಕನೆಕ್ಟ್ ಆಗುತ್ತಿಲ್ಲ. ರೂಟರ್ ಬದಲಿಸಬೇಕೇ?

ಉತ್ತರ: ರೂಟರಿಗೆ ದುಡ್ಡು ಹಾಕಬೇಡಿ. ಮೊದಲು ಆ ಫಾರ್ವರ್ಡಿಂಗ್ ತೆಗೆದುಬಿಡಿ. ಅದು ಕೆಲಸ ಮಾಡದಿದ್ದದ್ದೇ ಒಳ್ಳೆಯದಾಯಿತು.

ವಿಂಡೋಸ್ ಹೋಮ್‌ನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೇರೆ ಕಂಪ್ಯೂಟರಿಗೆ ಹೋಗಬಹುದು, ಹೋಮ್ ಇರುವ ಕಂಪ್ಯೂಟರಿನ ಒಳಗೆ ಬರಲಾಗದು. ಅದಕ್ಕೆ ವಿಂಡೋಸ್ ಪ್ರೊ ಬೇಕು. ಇನ್ನೊಂದು ಅಡ್ಡಿಯೂ ಇರಬಹುದು. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ) ನೋಡಿ: ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ಹೊರಗಿನಿಂದ ಬಂದ ಕರೆ ಕಂಪನಿಯ ಯಂತ್ರದಲ್ಲೇ ನಿಲ್ಲುತ್ತದೆ. ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಅದಕ್ಕೆ ಸುದ್ದಿಯೇ ತಲುಪದು.

ಪ್ರೊ ಹಾಕಿಸಿ, ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಸಾರ್ವಜನಿಕ ವಿಳಾಸ) ಕೊಂಡರೆ ಆಗುವುದಿಲ್ಲವೇ ಎನ್ನಬಹುದು. ಆಗುತ್ತದೆ, ಆದರೆ ನಾನು ಬೇಡವೆನ್ನುತ್ತೇನೆ. 3389 ತೆರೆದಿರುವ ಕಂಪ್ಯೂಟರುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುತ್ತಾ ಕೂರುವ ತಂತ್ರಾಂಶಗಳು ಹಗಲು ರಾತ್ರಿ ಓಡುತ್ತಿರುತ್ತವೆ. 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸ್‌ಗಳ ಇದೇ ಸೇವೆಯಲ್ಲಿ ಬ್ಲೂಕೀಪ್ ಎಂಬ ದೋಷ ಸಿಕ್ಕಿತ್ತು. ಪಾಸ್‌ವರ್ಡೇ ಇಲ್ಲದೆ ಒಳನುಗ್ಗಬಹುದಾದ ದೋಷವದು. ಬೆಂಬಲ ನಿಂತುಹೋಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಡಬೇಕಾಯಿತು.

ನಿಮಗೆ ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ಹೋಮ್‌ನಲ್ಲೂ ನಡೆಯುತ್ತದೆ, ಪೋರ್ಟ್ ತೆರೆಯುವ ಗೊಡವೆಯಿಲ್ಲ. ಸಂಪರ್ಕ ಮನೆಯ ಕಂಪ್ಯೂಟರಿನಿಂದಲೇ ಹೊರಟು ಗೂಗಲ್ ಸರ್ವರಿನ ಮೂಲಕ ನಿಮ್ಮನ್ನು ಸೇರುವುದರಿಂದ ಹಂಚಿದ ಐಪಿಯೂ ತೊಡಕಲ್ಲ. ಈ ಸಲ ಊರಿಗೆ ಹೋದಾಗ ಇನ್‌ಸ್ಟಾಲ್ ಮಾಡಿ ಕನಿಷ್ಠ ಆರಂಕಿಯ ಪಿನ್ ಕೊಡಿ. ಹುಟ್ಟಿದ ದಿನ ಬೇಡ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಕಡ್ಡಾಯ ಹಾಕಿ. ಒಂದು ಮಾತು: ಪರದೆ ಒಂದೇ. ಅಪ್ಪ ಬಿಲ್ ಹಾಕುತ್ತಿರುವಾಗ ನೀವು ನುಗ್ಗಿದರೆ ಅವರ ಕೈಯಲ್ಲಿದ್ದ ಮೌಸ್ ತನ್ನಷ್ಟಕ್ಕೆ ಓಡುತ್ತದೆ. ಮೊದಲೇ ಫೋನ್ ಮಾಡಿ ಹೇಳಿ.

ನಮ್ಮ ಕರಾವಳಿಯಲ್ಲಿ ತಂತ್ರಾಂಶಕ್ಕಿಂತ ಹೆಚ್ಚು ಕೈಕೊಡುವುದು ಕರೆಂಟು. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ. ಪರದೆ ಆರಿದರೆ ಅಡ್ಡಿಯಿಲ್ಲ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್) ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದನ್ನು ಹೋಲುವ ಆಯ್ಕೆ ಇದ್ದರೆ ‘ಪವರ್ ಆನ್’ಗೆ ಬದಲಿಸಿ, ಹೋದ ಕರೆಂಟು ಬಂದಾಗ ಕಂಪ್ಯೂಟರ್ ತಾನೇ ಏಳುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇದ್ದು ಫೈಬರ್ ಪೆಟ್ಟಿಗೆಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ, ಎರಡನ್ನೂ ಯುಪಿಎಸ್‌ಗೇ ಜೋಡಿಸಿ. ಸಿಡಿಲು ಬಂದಾಗ ಮಾತ್ರ ಮನೆಯವರು ಪ್ಲಗ್ ಕೀಳಲಿ. ಯುಪಿಎಸ್ ಸಿಡಿಲನ್ನು ತಡೆಯುವುದಿಲ್ಲ. ಅಂಥ ದಿನಗಳಿಗಾಗಿ ಟ್ಯಾಲಿಯ ಬ್ಯಾಕಪ್ ತೆಗೆದು ಗೂಗಲ್ ಡ್ರೈವ್‌ಗೆ ಹಾಕುವ ರೂಢಿಯಿರಲಿ. ಬಳಕೆಯಲ್ಲಿರುವ ಡೇಟಾ ಫೋಲ್ಡರನ್ನೇ ಡ್ರೈವ್‌ನ ಸಿಂಕ್‌ಗೆ (ತಾನಾಗಿ ನಕಲಾಗುತ್ತಿರುವ ವ್ಯವಸ್ಥೆಗೆ) ಕೊಡಬೇಡಿ, ಫೈಲ್ ಕೆಡಬಹುದು.

ದೂರದಿಂದ ಕಂಪ್ಯೂಟರ್ ತೆರೆಯುವ ಇನ್ನೊಂದು ತಂತ್ರಾಂಶ ಎನಿಡೆಸ್ಕ್ ಕೆಟ್ಟದ್ದಲ್ಲ. ಆದರೆ ಬ್ಯಾಂಕಿನವರೆಂದು ಹೇಳಿ ಅದನ್ನು ಹಾಕಿಸಿ ಖಾತೆ ಬರಿದು ಮಾಡುವವರಿದ್ದಾರೆ. ಯಾರು ಫೋನಿನಲ್ಲಿ ಕೋಡ್ ಕೇಳಿದರೂ ಕೊಡಬಾರದೆಂದು ಅಪ್ಪನಿಗೆ ಹೇಳಿಡಿ. ಮೋಸವಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಎಲ್ಲ ಮುಗಿದ ಮೇಲೆ ಮನೆಯಲ್ಲಿರುವಾಗಲೇ ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಕನೆಕ್ಟ್ ಆಗಿ ನೋಡಿ. ಕಂಪ್ಯೂಟರನ್ನು ಒಮ್ಮೆ ರಿಸ್ಟಾರ್ಟ್ ಮಾಡಿ, ಯಾರೂ ಲಾಗಿನ್ ಆಗದೆಯೂ ಹೊರಗಿನಿಂದ ಸಿಗುತ್ತದೆಯೇ ಎಂದು ಪರೀಕ್ಷಿಸಿಯೇ ಮಂಗಳೂರಿನ ಬಸ್ಸು ಹತ್ತಿ.